ಪ್ರಾಥಮಿಕ ಶಾಲೆಗಳಲ್ಲಿ ದೈಹಿಕ ಶಿಕ್ಷಣ: ಅನುದಾನ, ಮೈದಾನ ಮತ್ತು ಸಮುದಾಯದ ಹೊಣೆ

ಅಕ್ಷರಾಭ್ಯಾಸದೊಡನೆ ಅಂಗಸಾಧನೆಯೂ ಕೂಡಿದಾಗಲೇ ಶಿಕ್ಷಣ ಪೂರ್ಣವಾಗುತ್ತದೆ ಎಂಬುದನ್ನು ಒಪ್ಪದವರಿಲ್ಲ. ಆದರೂ ಪಾಠಗಳು ಮುಗಿಯದೆ ಉಳಿದಾಗ ಮೊದಲು ಕೈತಪ್ಪುವುದು ಆಟದ ಅವಧಿಯೇ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷಗಳಷ್ಟಾದರೂ ಮೈದಣಿಯುವ ಚಟುವಟಿಕೆಯಲ್ಲಿ ತೊಡಗಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಇದಕ್ಕಿರುವ ವ್ಯವಸ್ಥೆಯೇನು, ಹಣ ಎಲ್ಲಿಂದ ಬರುತ್ತದೆ, ಊರಿನವರು ಮಾಡಬಹುದಾದುದೇನು ಎಂಬುದನ್ನು ಇಲ್ಲಿ ತಿಳಿಯೋಣ.

ಕಾನೂನಿನ ನಿಯಮಗಳು

2010ರ ಏಪ್ರಿಲ್ 1ರಂದು ಜಾರಿಗೆ ಬಂದ, 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಪ್ರತಿ ಶಾಲೆಗೂ ಆಟದ ಮೈದಾನವಿರಬೇಕೆಂದು ವಿಧಿಸಿದೆ. ಪ್ರತಿ ತರಗತಿಗೂ ಅಗತ್ಯವಿದ್ದಷ್ಟು ಆಟದ ಸಾಮಗ್ರಿ ಮತ್ತು ಕ್ರೀಡಾ ಸಲಕರಣೆಗಳನ್ನು ಒದಗಿಸಬೇಕೆಂದೂ ಹೇಳಿದೆ. 6ರಿಂದ 8ನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕು. 1ರಿಂದ 5ನೆಯ ತರಗತಿಗಳಿಗೆ ಪ್ರತ್ಯೇಕ ಬೋಧಕರ ನಿಯಮ ಆ ಅನುಸೂಚಿಯಲ್ಲಿ ಇಲ್ಲ. ಓಡುವ, ನೆಗೆಯುವ, ಎಸೆಯುವ, ಹಿಡಿಯುವ ಮೂಲ ಕೌಶಲಗಳು ಮೈಗೂಡುವುದು ಈ ವಯಸ್ಸಿನಲ್ಲೇ. ಆದ್ದರಿಂದ ಚಿಕ್ಕ ಶಾಲೆಗಳಲ್ಲಿ ಈ ಹೊಣೆ ತರಗತಿ ಶಿಕ್ಷಕರ ಮೇಲೆಯೇ ಬೀಳುತ್ತದೆ.

ಅನುದಾನದ ಸ್ವರೂಪ

2018-19ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಕ್ರೀಡಾ ಸಲಕರಣೆಗಳಿಗೆ ಪ್ರತ್ಯೇಕ ಅನುದಾನವನ್ನು ಸೇರಿಸಲಾಯಿತು. ವರ್ಷಕ್ಕೆ ಪ್ರಾಥಮಿಕ ಶಾಲೆಗೆ 5,000 ರೂಪಾಯಿ, ಹಿರಿಯ ಪ್ರಾಥಮಿಕ ಶಾಲೆಗೆ 10,000 ರೂಪಾಯಿ ಹಾಗೂ ಪ್ರೌಢಶಾಲಾ ಹಂತಕ್ಕೆ 25,000 ರೂಪಾಯಿವರೆಗೆ ಎಂಬುದು ಅದರ ಪ್ರಮಾಣ. ಕರ್ನಾಟಕದಲ್ಲಿ ಯೋಜನೆಯ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು 60:40ರ ಅನುಪಾತದಲ್ಲಿ ಭರಿಸುತ್ತವೆ. 200 ಮಕ್ಕಳಿರುವ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಈ ಮೊತ್ತವನ್ನು ಹಂಚಿದರೆ ಒಂದು ಮಗುವಿಗೆ ವರ್ಷಕ್ಕೆ 50 ರೂಪಾಯಿ ಬರುತ್ತದೆ. ಹಣ ಅಲ್ಪವಾದಷ್ಟೂ ಅದರ ವಿನಿಯೋಗದಲ್ಲಿ ವಿವೇಕ ಹೆಚ್ಚು ಬೇಕು.

ಇಂಗ್ಲೆಂಡಿನ ನಿದರ್ಶನ

ಇದೇ ಉದ್ದೇಶಕ್ಕೆ ಹೆಚ್ಚು ಹಣವಿಟ್ಟ ನಾಡೊಂದರ ಅನುಭವ ಇಲ್ಲಿ ಉಪಯುಕ್ತ. 2012ರ ಲಂಡನ್ ಒಲಿಂಪಿಕ್ಸ್ ನಂತರ, 2013ರಲ್ಲಿ ಇಂಗ್ಲೆಂಡ್ ಸರ್ಕಾರವು ಪ್ರಾಥಮಿಕ ಶಾಲೆಗಳ ದೈಹಿಕ ಶಿಕ್ಷಣಕ್ಕೆಂದೇ ಮೀಸಲು ಅನುದಾನವನ್ನು ಆರಂಭಿಸಿತು. ಸಕ್ಕರೆ ಬೆರೆತ ತಂಪುಪಾನೀಯಗಳ ಮೇಲೆ ತೆರಿಗೆ ಘೋಷಿಸಿ, ಆ ಆದಾಯದ ನೆಚ್ಚಿಕೆಯಿಂದ 2017ರಲ್ಲಿ ವಾರ್ಷಿಕ ಮೊತ್ತವನ್ನು 32 ಕೋಟಿ ಪೌಂಡ್‌ಗಳಿಗೆ ಏರಿಸಿತು. ಮೊತ್ತಕ್ಕಿಂತ ಗಮನಾರ್ಹವಾದುದು ಅದಕ್ಕೆ ವಿಧಿಸಿದ ನಿಯಮಗಳು. ಹಣದಿಂದಾದ ಸುಧಾರಣೆ ಹಣ ಮುಗಿದ ಮೇಲೂ ಉಳಿಯುವಂತಿರಬೇಕು. ಶಿಕ್ಷಕರ ಸಾಮರ್ಥ್ಯ ಬೆಳೆಯಬೇಕು. ಎಷ್ಟು ಬಂತು, ಹೇಗೆ ವೆಚ್ಚವಾಯಿತು, ಮಕ್ಕಳಿಗೆ ಏನು ಫಲ ದೊರೆಯಿತು ಎಂಬುದನ್ನು ಶಾಲೆಯು ಪ್ರತಿವರ್ಷ ಬಹಿರಂಗವಾಗಿ ಪ್ರಕಟಿಸಬೇಕು. ನಮ್ಮ ಅನುದಾನ ಎಷ್ಟೇ ಚಿಕ್ಕದಾಗಿದ್ದರೂ ಈ ಮೂರು ನಿಯಮಗಳನ್ನು ಪಾಲಿಸಲು ಅಡ್ಡಿಯಿಲ್ಲ.

ಹಣದ ಸದ್ವಿನಿಯೋಗ

ಕೆಲವೇ ಆಟಗಾರರಿಗೆ ಉಪಯೋಗವಾಗುವ ದುಬಾರಿ ಸಲಕರಣೆಗಿಂತ, ಎಲ್ಲ ಮಕ್ಕಳ ಕೈಗೂ ಸಿಗುವ ಚೆಂಡು, ಜಿಗಿಯುವ ಹಗ್ಗ, ಬಳೆ, ಅಳತೆಪಟ್ಟಿ, ಸುಣ್ಣದ ಪುಡಿಗಳಿಗೆ ಆದ್ಯತೆ ನೀಡುವುದು ಲೇಸು. ಕಬಡ್ಡಿ, ಖೊಖೊ, ಲಗೋರಿ, ಕುಂಟಾಟಗಳು ಹೆಚ್ಚಿನ ವೆಚ್ಚ ಬೇಡುವುದಿಲ್ಲ. ಪುರುಷರ ಕಬಡ್ಡಿ ಅಂಕಣವೇ 13 ಮೀಟರ್ ಉದ್ದ, 10 ಮೀಟರ್ ಅಗಲವಷ್ಟೆ. ಮಕ್ಕಳಿಗೆ ಅದಕ್ಕಿಂತ ಚಿಕ್ಕದು ಸಾಕು. ತಂದ ವಸ್ತುಗಳು ಬೀರುವಿನಲ್ಲಿ ಬೀಗದೊಳಗೆ ಉಳಿಯದೆ ಪ್ರತಿದಿನ ಬಯಲಿಗೆ ಬರಬೇಕು. ಹೆಣ್ಣುಮಕ್ಕಳಿಗೂ ಅಂಗವಿಕಲ ಮಕ್ಕಳಿಗೂ ಸಮಾನ ಅವಕಾಶ ದೊರೆಯಬೇಕು. ತಾಲ್ಲೂಕು ಕ್ರೀಡಾಕೂಟದಲ್ಲಿ ಗೆದ್ದ ಇಬ್ಬರ ಪದಕಗಳಿಂದ ಇಡೀ ಶಾಲೆಯ ದೈಹಿಕ ಶಿಕ್ಷಣವನ್ನು ಅಳೆಯಲಾಗದು.

ಮೈದಾನದ ರಕ್ಷಣೆ

ಸಲಕರಣೆ ಹಾಳಾದರೆ ಮತ್ತೆ ತರಬಹುದು; ಕಳೆದುಹೋದ ಬಯಲನ್ನು ಮರಳಿ ಪಡೆಯುವುದು ಕಷ್ಟ. ಹಿಂದೆ ಎಷ್ಟೋ ಊರುಗಳಲ್ಲಿ ದಾನಿಗಳು ಬಾಯಿಮಾತಿನಲ್ಲೇ ಶಾಲೆಗೆ ಜಮೀನು ಬಿಟ್ಟುಕೊಟ್ಟಿದ್ದಾರೆ. ದಾನಪತ್ರ ನೋಂದಣಿಯಾಗದಿದ್ದರೆ ಮುಂದಿನ ತಲೆಮಾರಿನಲ್ಲಿ ವಿವಾದ ಹುಟ್ಟುತ್ತದೆ. ಪಹಣಿ ಅಥವಾ ಖಾತೆಯಲ್ಲಿ ಜಾಗ ಶಾಲೆಯ ಹೆಸರಿಗಿದೆಯೇ ಎಂದು ಪರಿಶೀಲಿಸಿ, ಅಳತೆ ಮಾಡಿಸಿ, ಎಲ್ಲೆ ಗುರುತಿಸುವುದು ಹಿರಿಯರ ಆದ್ಯ ಕರ್ತವ್ಯ. ಕರ್ನಾಟಕದ ಅನೇಕ ಗ್ರಾಮಗಳಲ್ಲಿ ನರೇಗಾ ಯೋಜನೆಯಡಿ ಶಾಲಾ ಮೈದಾನ ಮತ್ತು ಆವರಣಗೋಡೆಗಳು ನಿರ್ಮಾಣವಾಗಿವೆ. ಗ್ರಾಮಸಭೆಯಲ್ಲಿ ಬೇಡಿಕೆಯಿಟ್ಟವರಿಗೆ ದಾರಿ ತೆರೆದಿರುತ್ತದೆ ಎಂಬುದನ್ನು ಇದು ತೋರಿಸುತ್ತದೆ.

ಪೋಷಕರ ಅಧಿಕಾರ

ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಪ್ರಕರಣದಂತೆ ಶಾಲಾ ಸಮಿತಿಯ ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಪಾಲು ತಂದೆತಾಯಿಗಳು ಅಥವಾ ಪೋಷಕರಾಗಿರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ನಮ್ಮಲ್ಲಿ ಇದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ. ಶಾಲಾಭಿವೃದ್ಧಿ ಯೋಜನೆಯನ್ನು ರೂಪಿಸುವುದೂ ಅನುದಾನದ ಬಳಕೆಯನ್ನು ಗಮನಿಸುವುದೂ ಇದರ ಕಾರ್ಯ. ಆದ್ದರಿಂದ ವರ್ಷಾರಂಭದ ಸಭೆಯಲ್ಲೇ ನಾಲ್ಕು ಪ್ರಶ್ನೆಗಳನ್ನು ಕೇಳುವುದು ಉಚಿತ: ಕ್ರೀಡಾ ಅನುದಾನ ಬಂದಿದೆಯೇ? ಏನನ್ನು ಕೊಳ್ಳಲಾಯಿತು? ವೇಳಾಪಟ್ಟಿಯ ಆಟದ ಅವಧಿ ನಿಜವಾಗಿ ನಡೆಯುತ್ತಿದೆಯೇ? ಅದನ್ನು ನಡೆಸುವ ಶಿಕ್ಷಕರಿಗೆ ತರಬೇತಿ ದೊರೆತಿದೆಯೇ? ಉತ್ತರಗಳನ್ನು ಶಾಲೆಯ ಸೂಚನಾ ಫಲಕದಲ್ಲಿ ಬರೆದರೆ ಊರಿಗೆಲ್ಲ ತಿಳಿಯುತ್ತದೆ.

ಕೊಡುಗೆ ನೀಡಬಯಸುವ ದಾನಿಗಳು ಒಂದು ದಿನದ ಕ್ರೀಡಾಕೂಟದ ಬಹುಮಾನಗಳಿಗಷ್ಟೇ ನಿಲ್ಲದೆ, ಮೈದಾನದ ಸಮತಟ್ಟು, ನೆರಳಿನ ಮರ, ಕುಡಿಯುವ ನೀರು, ಶಿಕ್ಷಕರ ತರಬೇತಿಗಳತ್ತ ಚಿತ್ತ ಹರಿಸಲಿ. ಊರಿನ ಮಾಜಿ ಆಟಗಾರರು ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು ವಾರಕ್ಕೊಂದು ಗಂಟೆ ಮಕ್ಕಳೊಡನೆ ಕಳೆದರೆ ಅದೂ ದೊಡ್ಡ ಕೊಡುಗೆಯೇ. ಸರ್ಕಾರದ ಅನುದಾನವು ಚೆಂಡನ್ನು ತಂದುಕೊಡಬಲ್ಲದು. ಆ ಚೆಂಡು ಪ್ರತಿ ಮಗುವಿನ ಕೈಸೇರುವಂತೆ ನೋಡಿಕೊಳ್ಳುವುದು ಊರಿನ ಹೊಣೆ.