ಚಾರಣಕ್ಕೆ ಆಡು ಹೊಡೆದುಕೊಂಡು ಹೋದರೆ ಹೊರೆಯೂ ಇಳಿಯುತ್ತದೆ, ತಿನ್ನುವ ಸೊಪ್ಪೂ ಗೊತ್ತಾಗುತ್ತದೆ: ನಿಜವೇ?

ವಾರಾಂತ್ಯದ ಮುಂಜಾನೆ ಬಿಜೈಯ ಕೆಎಸ್‌ಆರ್‌ಟಿಸಿ ಬಸ್‌ ನಿಲ್ದಾಣದಲ್ಲಿ ದೊಡ್ಡ ಚೀಲ ಹೊತ್ತ ಹುಡುಗರು ಕುಕ್ಕೆ ಸುಬ್ರಹ್ಮಣ್ಯದ ಬಸ್ಸಿಗೆ ಕಾಯುವುದನ್ನು ನೋಡಿರಬಹುದು. ಕುಮಾರ ಪರ್ವತ ಹತ್ತುವವರಿಗೆ ಆ ಚೀಲವೇ ದೊಡ್ಡ ಶತ್ರು. ಹಾಗಾಗಿ ಬೆಟ್ಟದಲ್ಲಿ ಆಡುಗಳು ಚೀಲ ಹೊತ್ತು ಸಾಗುವ ವಿಡಿಯೊ ಮೊಬೈಲಿಗೆ ಬಂದರೆ ಆಸೆಯಾಗುವುದು ಸಹಜ. ಜೊತೆಗೆ ಒಂದು ಮಾತೂ ಸೇರಿರುತ್ತದೆ: ‘ಆಡು ತಿಂದ ಸೊಪ್ಪನ್ನು ಮನುಷ್ಯರೂ ತಿನ್ನಬಹುದು’. ಮೊದಲನೆಯದು ಅರ್ಧ ನಿಜ. ಎರಡನೆಯದು ಅಪಾಯಕಾರಿ ಸುಳ್ಳು.

ಆಡು ಹೊರೆ ಹೊರುತ್ತದೆಯೇ?

ಹೊರುತ್ತದೆ. ಉತ್ತರಾಖಂಡದ ಭೋಟಿಯಾ ವ್ಯಾಪಾರಿಗಳು ಆಡು–ಕುರಿಗಳ ಬೆನ್ನಿಗೆ ಜೋಡಿ ಚೀಲ ಕಟ್ಟಿ ಟಿಬೆಟ್ಟಿಗೆ ಧಾನ್ಯ ಒಯ್ದು, ಉಪ್ಪು ಮತ್ತು ಬಿಳಿಗಾರ ತರುತ್ತಿದ್ದರು. ಒಂದು ಪ್ರಾಣಿಗೆ ಸುಮಾರು 10 ಕೆ.ಜಿ. ಹೊರೆ. 1962ರ ಯುದ್ಧದ ಬಳಿಕ ಆ ವ್ಯಾಪಾರ ನಿಂತಿತು. ಅಮೆರಿಕದಲ್ಲಿ 1970ರ ದಶಕದಿಂದ ಚಾರಣಿಗರು ಇದೇ ಕೆಲಸಕ್ಕೆ ಆಡು ಪಳಗಿಸುತ್ತಿದ್ದಾರೆ.

ಅವರು ಬಳಸುವುದು ಬೀಜ ಒಡೆದ, ದೊಡ್ಡ ತಳಿಯ ಗಂಡು ಆಡುಗಳನ್ನು. ಮೂಳೆ ಬಲಿಯಲು ಸುಮಾರು ನಾಲ್ಕು ವರ್ಷ ಬೇಕು. ಅದಕ್ಕೆ ಮೊದಲು ಪೂರ್ತಿ ಹೊರೆ ಹೊರಿಸುವುದಿಲ್ಲ. ದೇಹತೂಕದ ಕಾಲು ಭಾಗ ಮೀರಬಾರದು ಎಂಬುದು ಅವರ ಲೆಕ್ಕ. 90 ಕೆ.ಜಿ.ಯ ಆಡಾದರೆ 20 ಕೆ.ಜಿ. ದಾಟಿ ಹೊತ್ತೀತು. 40 ಕೆ.ಜಿ. ತೂಗುವ ನಮ್ಮ ಊರಿನ ಆಡಿಗೆ ಬೆನ್ನ ಮೇಲಿನ ತಡಿಯೂ ಸೇರಿ 10 ಕೆ.ಜಿ.ಯೇ ಮಿತಿ.

ಹಾಗಾದರೆ ನಮ್ಮ ಘಟ್ಟಕ್ಕೆ ಕರೆದೊಯ್ಯಬಹುದೇ?

ಬೇಡ. ಕುಮಾರ ಪರ್ವತ ಇರುವುದು ಪುಷ್ಪಗಿರಿ ವನ್ಯಜೀವಿ ಧಾಮದಲ್ಲಿ. ಕುದುರೆಮುಖ ರಾಷ್ಟ್ರೀಯ ಉದ್ಯಾನ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಉದ್ಯಾನದೊಳಗೆ ಜಾನುವಾರು ಮೇಯಿಸುವಂತಿಲ್ಲ, ಒಳಗೆ ಬಿಡುವಂತೆಯೂ ಇಲ್ಲ. ಒಳಹೋಗಲು ಅನುಮತಿ ಇರುವವರು ವಾಹನವಾಗಿ ಬಳಸುವ ಪ್ರಾಣಿಗಷ್ಟೇ ವಿನಾಯಿತಿ.

ಇದಕ್ಕೆ ಗಟ್ಟಿ ಕಾರಣವಿದೆ. ಪಿಪಿಆರ್ ಎಂಬ ವೈರಸ್ ರೋಗ ಆಡು–ಕುರಿಗಳಿಂದ ಗೊರಸುಳ್ಳ ಕಾಡುಪ್ರಾಣಿಗಳಿಗೂ ದಾಟಬಲ್ಲದು. ಮಂಗೋಲಿಯಾದಲ್ಲಿ 2016–17ರ ಚಳಿಗಾಲದಲ್ಲಿ ಸಾಕುಪ್ರಾಣಿಗಳಿಂದ ಬಂದ ಈ ರೋಗಕ್ಕೆ ಸಾವಿರಾರು ಸೈಗಾ ಜಿಂಕೆಗಳು ಬಲಿಯಾದವು. ಕಡವೆ, ಜಿಂಕೆಗಳಿರುವ ಕಾಡಿಗೆ ಅಂಥ ರೋಗ ಹೊತ್ತೊಯ್ಯಲು ಒಂದು ಆಡು ಸಾಕು. ಇನ್ನು ರಾತ್ರಿ ಟೆಂಟಿನ ಪಕ್ಕ ಆಡು ಕಟ್ಟಿದರೆ ಚಿರತೆಯನ್ನು ನಾವೇ ಊಟಕ್ಕೆ ಕರೆದಂತೆ.

ಆಡು ತಿಂದದ್ದು ನಮಗೂ ಸುರಕ್ಷಿತವೇ?

ಖಂಡಿತ ಇಲ್ಲ. ‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆ ಅದರ ಚಪಲ ಹೇಳುತ್ತದೆಯೇ ಹೊರತು ಸೊಪ್ಪಿನ ಗುಣವನ್ನಲ್ಲ. ಆಡು ಮೆಲುಕು ಹಾಕುವ ಪ್ರಾಣಿ. ಅದರ ಹೊಟ್ಟೆಯ ಮೊದಲ ಕೋಣೆಯಲ್ಲಿರುವ ಸೂಕ್ಷ್ಮಾಣುಗಳು ಕೆಲವು ವಿಷಗಳನ್ನು ಒಡೆದುಹಾಕುತ್ತವೆ. ಉದಾಹರಣೆಗೆ, ಸುಬಾಬುಲ್ ಸೊಪ್ಪಿನ ಮಿಮೋಸಿನ್ ವಿಷವನ್ನು ನಿಭಾಯಿಸುವ ಬ್ಯಾಕ್ಟೀರಿಯಾ ಹವಾಯಿ ದ್ವೀಪದ ಆಡುಗಳ ಹೊಟ್ಟೆಯಲ್ಲಿ ಸಿಕ್ಕಿತು. ಅದನ್ನು ಆಸ್ಟ್ರೇಲಿಯಾದ ದನಗಳಿಗೂ ದಾಟಿಸಲಾಯಿತು. ಅಂಥ ಕೋಣೆ ನಮ್ಮ ಹೊಟ್ಟೆಯಲ್ಲಿಲ್ಲ.

ಆಡಿಗೂ ಎಲ್ಲ ಸೊಪ್ಪು ಒಗ್ಗುವುದಿಲ್ಲ. ಕಣಗಿಲೆ ಎಲೆ ಅದರ ಹೃದಯ ನಿಲ್ಲಿಸಬಲ್ಲದು. ಲಂಟಾನ ಅದರ ಯಕೃತ್ತನ್ನು ಕೆಡಿಸುತ್ತದೆ. ಒಂದೆರಡು ಎಲೆ ಕಚ್ಚಿ ಮುಂದೆ ಹೋದ ಆಡನ್ನು ನೋಡಿ ‘ವಿಷವಿಲ್ಲ’ ಎಂದುಕೊಳ್ಳಬೇಡಿ.

ಚಾರಣದಲ್ಲಿ ಯಾರಾದರೂ ಗುರುತಿಲ್ಲದ ಕಾಯಿ–ಎಲೆ ತಿಂದರೆ ಒತ್ತಾಯದಿಂದ ವಾಂತಿ ಮಾಡಿಸಬೇಡಿ. ತಿಂದ ಗಿಡದ ಒಂದು ತುಂಡನ್ನೋ ಫೋಟೊವನ್ನೋ ಹಿಡಿದು ತಕ್ಷಣ ಆಸ್ಪತ್ರೆಗೆ ಹೋಗಿ.

ವಿಡಿಯೊ ಚೆಂದವಿದ್ದರೆ ನೋಡಿ, ಹಂಚಿ. ಸೊಪ್ಪಿನ ಸಾಲನ್ನು ಮಾತ್ರ ಅಳಿಸಿ ಹಂಚಿ.