ನಿಗದಿತ ನಿರ್ವಹಣೆ, ಯುನಿಕ್ಸ್ ಸರ್ವರ್‌ನಲ್ಲಿ

ಯುನಿಕ್ಸ್ ಹಾಗೂ ಅದರ ಬಳಗಕ್ಕೆ ಸೇರಿದ ಲಿನಕ್ಸ್, ಫ್ರೀಬಿಎಸ್‌ಡಿ ಮೊದಲಾದ ವ್ಯವಸ್ಥೆಗಳಲ್ಲಿ ಸರ್ವರ್‌ನ ಪಾಲನೆಯ ಕೆಲಸಗಳು ಗೊತ್ತುಮಾಡಿದ ವೇಳೆಗೆ ತಾವಾಗಿ ನಡೆಯುವಂತೆ ಅಣಿಗೊಳಿಸುವ ವಿಧಾನ. ದತ್ತಾಂಶದ ಬ್ಯಾಕಪ್, ಲಾಗ್ ಕಡತಗಳ ವಿಲೇವಾರಿ, ತಾತ್ಕಾಲಿಕ ಕಡತಗಳ ಶುಚಿ, ಭದ್ರತಾ ಪರಿಷ್ಕರಣೆಗಳ ಅಳವಡಿಕೆ, ಡಿಸ್ಕ್‌ನ ಆರೋಗ್ಯ ತಪಾಸಣೆ ಇದರ ಮುಖ್ಯ ಅಂಗಗಳು. ಇದಕ್ಕೆ ಬಳಸುವ ಅತ್ಯಂತ ಹಳೆಯ ಹಾಗೂ ಇಂದಿಗೂ ವ್ಯಾಪಕವಾಗಿರುವ ಸಾಧನ ಕ್ರಾನ್. ವಿಧಾನ ಎಲ್ಲ ಕಡೆಯೂ ಒಂದೇ ಆದರೂ ವೇಳೆಯ ಆಯ್ಕೆ ಮಾತ್ರ ಆಯಾ ಊರಿನದು. ಸರ್ವರ್ ಇರುವ ಸ್ಥಳದ ಗಡಿಯಾರ, ವಿದ್ಯುತ್ತು ಮತ್ತು ಬಳಸುವವರ ದಿನಚರಿಯನ್ನು ಅರಿತು ಬರೆದ ವೇಳಾಪಟ್ಟಿಯೇ ಬಾಳುತ್ತದೆ. ಈ ಲೇಖನದಲ್ಲಿ ಶಿವಮೊಗ್ಗ ನಗರ ಮತ್ತು ಸುಮಾರು 20 ಕಿ.ಮೀ. ದೂರದ ಭದ್ರಾವತಿಯ ಪರಿಸರವನ್ನು ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ.

ಹಿನ್ನೆಲೆ

ಅಮೆರಿಕದ ಬೆಲ್ ಪ್ರಯೋಗಾಲಯದಿಂದ 1979ರಲ್ಲಿ ಹೊರಬಂದ ಯುನಿಕ್ಸ್ 7ನೆಯ ಆವೃತ್ತಿಯಲ್ಲಿ ಕ್ರಾನ್ ಇತ್ತು. ಹಿನ್ನೆಲೆಯಲ್ಲಿ ಸದಾ ಎಚ್ಚರವಿದ್ದು, ನಿಮಿಷಕ್ಕೊಮ್ಮೆ ಪಟ್ಟಿ ನೋಡಿ, ವೇಳೆ ಬಂದ ಕೆಲಸವನ್ನು ನಡೆಸುವುದು ಅದರ ಕಾಯಕ. ಪಾಲ್ ವಿಕ್ಸಿ 1987ರಲ್ಲಿ ಬರೆದ ಕ್ರಾನ್ ಲಿನಕ್ಸ್ ಮತ್ತು ಬಿಎಸ್‌ಡಿ ವ್ಯವಸ್ಥೆಗಳಲ್ಲಿ ಬೇರೂರಿತು. ಆಗಾಗ ಆರಿಸಿಡುವ ಯಂತ್ರಗಳಿಗಾಗಿ ಅನಾಕ್ರಾನ್ ಬಂತು. 2010ರಲ್ಲಿ ಆರಂಭವಾದ ಸಿಸ್ಟಮ್‌ಡಿ ವ್ಯವಸ್ಥೆಯ ಟೈಮರ್‌ಗಳು ಇಂದಿನ ಹೆಚ್ಚಿನ ಲಿನಕ್ಸ್ ವಿತರಣೆಗಳಲ್ಲಿ ಕ್ರಾನ್‌ನ ಜೊತೆಗೇ ಕೆಲಸ ಮಾಡುತ್ತವೆ. ಒಮ್ಮೆ ಮಾತ್ರ ನಡೆಯಬೇಕಾದ ಕೆಲಸಕ್ಕೆ 'ಆ್ಯಟ್' ಎಂಬ ಬೇರೆ ಆದೇಶವಿದೆ.

ವೇಳಾಪಟ್ಟಿಯ ಬರವಣಿಗೆ

ಪ್ರತಿ ಬಳಕೆದಾರನ ಕೆಲಸದ ಪಟ್ಟಿಯನ್ನು ಕ್ರಾನ್‌ಟ್ಯಾಬ್ ಎನ್ನುತ್ತಾರೆ. ಒಂದು ಕೆಲಸಕ್ಕೆ ಒಂದು ಸಾಲು. ಸಾಲಿನ ಮೊದಲ ಐದು ಸ್ಥಾನಗಳಲ್ಲಿ ಕ್ರಮವಾಗಿ ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ. ಆಮೇಲೆ ನಡೆಸಬೇಕಾದ ಆದೇಶ. ನಕ್ಷತ್ರ ಚಿಹ್ನೆ ಇದ್ದರೆ 'ಪ್ರತಿಯೊಂದೂ' ಎಂದರ್ಥ. ಭಾನುವಾರಕ್ಕೆ 0, ಶನಿವಾರಕ್ಕೆ 6. ಹೀಗಾಗಿ

30 2 * * 0

ಎಂದರೆ ಪ್ರತಿ ಭಾನುವಾರ ಬೆಳಗಿನ ಜಾವ 2 ಗಂಟೆ 30 ನಿಮಿಷ.

ಹೊಸಬರು ಎಡವುವ ಜಾಗಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ. ನಿಮಿಷದ ಸ್ಥಾನದಲ್ಲಿ ನಕ್ಷತ್ರ ಉಳಿಸಿ ಗಂಟೆಗೆ 2 ಎಂದು ಬರೆದರೆ ಕೆಲಸ ಒಂದು ಸಲವಲ್ಲ, 2ರಿಂದ 2.59ರವರೆಗೆ 60 ಸಲ ನಡೆಯುತ್ತದೆ. ತಾರೀಖು ಮತ್ತು ವಾರ ಎರಡನ್ನೂ ನಮೂದಿಸಿದರೆ ಎರಡೂ ಕೂಡಿಬರಲಿ ಎಂದು ಕ್ರಾನ್ ಕಾಯುವುದಿಲ್ಲ. ಯಾವುದಾದರೊಂದು ಹೊಂದಿದರೂ ಸಾಕು. '30 2 1 * 0' ಎಂಬ ಸಾಲು ತಿಂಗಳ 1ರಂದೂ ನಡೆಯುತ್ತದೆ, ಎಲ್ಲ ಭಾನುವಾರಗಳಂದೂ ನಡೆಯುತ್ತದೆ. ಆದೇಶದೊಳಗಿನ ಶೇಕಡಾ ಚಿಹ್ನೆಯನ್ನು ಕ್ರಾನ್ ಹೊಸ ಸಾಲೆಂದು ಓದುತ್ತದೆ. ಕಡತದ ಹೆಸರಿಗೆ ಆ ದಿನದ ತಾರೀಖು ಸೇರಿಸುವ ಬ್ಯಾಕಪ್ ಆದೇಶಗಳು ಇದರಿಂದಲೇ ಅರ್ಧಕ್ಕೆ ಮುರಿಯುತ್ತವೆ. ಆ ಚಿಹ್ನೆಗೆ ಮೊದಲು ಹಿಂದೋರೆ ಗೆರೆಯೊಂದನ್ನು (\) ಹಾಕುವುದು ಪರಿಹಾರ.

ಕೈಯಿಂದ ಟೈಪ್ ಮಾಡಿದಾಗ ಸರಿಯಾಗಿ ನಡೆದ ಸ್ಕ್ರಿಪ್ಟ್ ಕ್ರಾನ್‌ನಲ್ಲಿ ಸೋಲುವುದೂ ಉಂಟು. ಲಾಗಿನ್ ಆದ ಬಳಕೆದಾರನಿಗೆ ದೊರೆಯುವ ಪರಿಸರ ಕ್ರಾನ್‌ಗೆ ದೊರೆಯುವುದಿಲ್ಲ. ಆದೇಶಗಳನ್ನು ಅದು ಬೆರಳೆಣಿಕೆಯ ಡೈರೆಕ್ಟರಿಗಳಲ್ಲಷ್ಟೇ ಹುಡುಕುತ್ತದೆ. ಆದ್ದರಿಂದ ಪ್ರತಿ ಆದೇಶದ ಪೂರ್ಣ ವಿಳಾಸ ಬರೆಯುವುದು ಒಳ್ಳೆಯ ರೂಢಿ. ಕನ್ನಡದ ಕೆಲಸಕ್ಕೆ ಇಲ್ಲಿ ಇನ್ನೊಂದು ತೊಡಕಿದೆ. ಭಾಷೆಯ ಸೆಟ್ಟಿಂಗ್ ಇಲ್ಲದೆ ಓಡಿದ ಸ್ಕ್ರಿಪ್ಟ್, ಹೆಸರುಗಳು ಕನ್ನಡದಲ್ಲಿರುವ ಪಟ್ಟಿಯನ್ನು ಮುಟ್ಟಿದಾಗ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳನ್ನು ಉದುರಿಸಬಹುದು ಅಥವಾ ದೋಷ ತೋರಿಸಿ ನಿಂತುಬಿಡಬಹುದು. ಕ್ರಾನ್‌ಟ್ಯಾಬ್‌ನ ಮೇಲ್ಭಾಗದಲ್ಲೇ ಯುಟಿಎಫ್-8 ಭಾಷಾ ಸೆಟ್ಟಿಂಗ್ ಬರೆದಿಟ್ಟರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಗಡಿಯಾರ: ಐದೂವರೆ ಗಂಟೆಯ ಲೆಕ್ಕ

ಭಾರತದ ಸಮಯ ವಿಶ್ವಮಾನ ಸಮಯಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಬಾಡಿಗೆಗೆ ಪಡೆದ ಕ್ಲೌಡ್ ಸರ್ವರ್‌ಗಳ ಗಡಿಯಾರ ಸಾಮಾನ್ಯವಾಗಿ ವಿಶ್ವಮಾನ ಸಮಯದಲ್ಲಿರುತ್ತದೆ. ಅಂಥ ಯಂತ್ರದಲ್ಲಿ 'ನಡುರಾತ್ರಿ' ಎಂದು ಬರೆದ ಕೆಲಸ ಶಿವಮೊಗ್ಗದಲ್ಲಿ ಬೆಳಿಗ್ಗೆ 5.30ಕ್ಕೆ ನಡೆಯುತ್ತದೆ. ಭಾನುವಾರ ಜಾವ 2.30 ಬೇಕಾದರೆ '0 21 * * 6', ಅಂದರೆ ಶನಿವಾರ ರಾತ್ರಿ 9 ಎಂದು ಬರೆಯಬೇಕು. ಗಂಟೆಯ ಜೊತೆ ವಾರವೂ ಹಿಂದಕ್ಕೆ ಸರಿಯುತ್ತದೆ. ತಿಂಗಳ 1ನೆಯ ತಾರೀಖಿನ ಜಾವ 2.30 ಎಂಬುದಂತೂ ಅಲ್ಲಿ ಹಿಂದಿನ ತಿಂಗಳ ಕೊನೆಯ ದಿನ. ಆ ದಿನ 28, 29, 30 ಅಥವಾ 31 ಆಗಿರಬಹುದಾದ್ದರಿಂದ ಅದನ್ನು ಸಾಲಿನ ಐದು ಸ್ಥಾನಗಳಿಂದಷ್ಟೇ ಹೇಳಲು ಬರುವುದಿಲ್ಲ. ಸರ್ವರ್ ಇಲ್ಲಿನವರಿಗಾಗಿಯೇ ಇದ್ದರೆ ಅದರ ಸಮಯ ವಲಯವನ್ನು ಏಷ್ಯಾ/ಕೋಲ್ಕತಾ ಎಂದು ನಿಗದಿಮಾಡಿ ಕ್ರಾನ್ ಸೇವೆಯನ್ನು ಮತ್ತೆ ಚಾಲೂ ಮಾಡುವುದು ನೇರವಾದ ದಾರಿ. ಭಾರತದಲ್ಲಿ ಬೇಸಿಗೆಗೆಂದು ಗಡಿಯಾರ ತಿರುಗಿಸುವ ಪದ್ಧತಿ ಇಲ್ಲದಿರುವುದರಿಂದ ಒಮ್ಮೆ ಸರಿಮಾಡಿದರೆ ವರ್ಷವಿಡೀ ಸರಿಯಾಗಿರುತ್ತದೆ.

ತಯಾರಕರು ಮೊದಲೇ ಬರೆದಿಟ್ಟ ವೇಳೆಗಳನ್ನೂ ನೋಡಿಕೊಳ್ಳಬೇಕು. ಡೆಬಿಯನ್ ಲಿನಕ್ಸ್‌ನ ಮೂಲ ಪಟ್ಟಿಯಲ್ಲಿ ದಿನದ ಕೆಲಸಗಳು 6.25ಕ್ಕೆ, ಫ್ರೀಬಿಎಸ್‌ಡಿಯಲ್ಲಿ 3.01ಕ್ಕೆ. ಗಡಿಯಾರ ವಿಶ್ವಮಾನದಲ್ಲೇ ಉಳಿದರೆ ಇವು ಇಲ್ಲಿ ಕ್ರಮವಾಗಿ ಹಗಲು 11.55ಕ್ಕೂ ಬೆಳಿಗ್ಗೆ 8.31ಕ್ಕೂ ಬೀಳುತ್ತವೆ. ಮೊದಲನೆಯದು ಕಚೇರಿಯ ಕೌಂಟರ್ ಮುಂದೆ ಸಾಲು ಬೆಳೆದಿರುವ ಹೊತ್ತು.

ಊರಿನ ದಿನಚರಿಯೂ ಲೆಕ್ಕಕ್ಕೆ ಬರುತ್ತದೆ. ಕಾಲೇಜಿನ ಅಥವಾ ಅಡಿಕೆ ಮಂಡಿಯ ಸರ್ವರ್‌ಗೆ ರಾತ್ರಿ ಎರಡು ಗಂಟೆ ಬಿಡುವಿನ ಸಮಯ. ಮಂಡಿಗೆ ಮಾರ್ಚ್ 31ರ ಲೆಕ್ಕಮುಕ್ತಾಯ, ಕಾಲೇಜಿಗೆ ಫಲಿತಾಂಶದ ದಿನ ಮಾತ್ರ ಅಪವಾದ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಸುತ್ತ ಬೆಳೆದ ಭದ್ರಾವತಿಗೆ ಪಾಳಿಯ ದುಡಿಮೆ ಹೊಸದಲ್ಲ. ಮೂರು ಪಾಳಿಯ ಕಾರ್ಖಾನೆಯಲ್ಲಿ ರಾತ್ರಿಯೂ ಕೆಲಸದ ವೇಳೆಯೇ. ಪಾಳಿ ಬದಲಾಗುವ ಹೊತ್ತಿಗೆ ಹಾಜರಿಯ ದಾಖಲೆಗಳು ಒಟ್ಟಿಗೇ ನುಗ್ಗುತ್ತವೆ. ಅಲ್ಲಿ ಎರಡು ಪಾಳಿಗಳ ನಡುಮಧ್ಯವೇ ನಿರ್ವಹಣೆಗೆ ತಕ್ಕ ಹೊತ್ತು.

ವಿದ್ಯುತ್ ವ್ಯತ್ಯಯ

ಶಿವಮೊಗ್ಗ ಜಿಲ್ಲೆಗೆ ವಿದ್ಯುತ್ ಪೂರೈಸುವುದು ಮಂಗಳೂರು ವಿದ್ಯುತ್ ಸರಬರಾಜು ಕಂಪನಿ, ಜನರ ಮಾತಿನಲ್ಲಿ ಮೆಸ್ಕಾಂ. ಆಲ್ಕೊಳ, ಮಾಚೇನಹಳ್ಳಿ ಮೊದಲಾದ ವಿದ್ಯುತ್ ವಿತರಣಾ ಕೇಂದ್ರಗಳಲ್ಲಿ ನಿರ್ವಹಣಾ ಕಾಮಗಾರಿ ಇದ್ದಾಗ ಇಂತಿಂಥ ಬಡಾವಣೆಗಳಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ವಿದ್ಯುತ್ ವ್ಯತ್ಯಯವೆಂಬ ಪ್ರಕಟಣೆ ಸ್ಥಳೀಯ ಪತ್ರಿಕೆಗಳಲ್ಲಿ ಬರುತ್ತದೆ. ಅದೂ ನಿಗದಿತ ನಿರ್ವಹಣೆಯೇ. ಮಳೆಗಾಲದಲ್ಲಿ ಮರ ಬಿದ್ದು ಹೋಗುವ ಕರೆಂಟಿಗೆ ಪ್ರಕಟಣೆ ಇರುವುದಿಲ್ಲ.

ಮಾಮೂಲಿ ಕ್ರಾನ್‌ಗೆ ನೆನಪಿಲ್ಲ. 2.30ಕ್ಕೆ ಯಂತ್ರ ಆರಿದ್ದರೆ ಆ ದಿನದ ಬ್ಯಾಕಪ್ ತಪ್ಪಿತು; ಕರೆಂಟ್ ಬಂದ ಮೇಲೆ ಕ್ರಾನ್ ಅದನ್ನು ಹುಡುಕಿ ಮಾಡುವುದಿಲ್ಲ. ಅನಾಕ್ರಾನ್ ಪ್ರತಿ ಕೆಲಸ ಕೊನೆಯ ಬಾರಿ ನಡೆದ ತಾರೀಖನ್ನು ಬರೆದಿಟ್ಟುಕೊಂಡು, ಯಂತ್ರ ಎದ್ದ ಬಳಿಕ ಬಾಕಿಯನ್ನು ತೀರಿಸುತ್ತದೆ. ಅದು ಎಣಿಸುವುದು ದಿನಗಳನ್ನು, ಗಂಟೆಗಳನ್ನಲ್ಲ. ಸಿಸ್ಟಮ್‌ಡಿ ಟೈಮರ್‌ನಲ್ಲಿ 'ಪರ್ಸಿಸ್ಟೆಂಟ್' ಆಯ್ಕೆ ಇದೇ ಕೆಲಸ ಮಾಡುತ್ತದೆ. ಆದರೆ ಸಂಜೆ ಕರೆಂಟ್ ಬಂದೊಡನೆ ಬಾಕಿ ಕೆಲಸಗಳೆಲ್ಲ ಒಟ್ಟಿಗೆ ಏಳದಂತೆ ಒಂದೊಂದಕ್ಕೂ ಬೇರೆ ಬೇರೆ ವಿಳಂಬ ಕೊಡಬೇಕು. ಹಿಂದಿನ ಸುತ್ತು ಮುಗಿಯದೆ ಮುಂದಿನದು ತೊಡಗದಂತೆ 'ಎಫ್‌ಲಾಕ್' ಎಂಬ ಬೀಗದ ಆದೇಶವನ್ನು ಬಳಸಬೇಕು. ಪ್ರಕಟಣೆ ಬಂದ ದಿನವಾದರೆ, ಯುಪಿಎಸ್ ಬ್ಯಾಟರಿ ಬರಿದಾಗುವವರೆಗೆ ಕಾಯದೆ, ವಿದ್ಯುತ್ ಹೋಗುವ ಹೊತ್ತಿಗೆ ಮೊದಲೇ ಸರ್ವರ್ ಕ್ರಮವಾಗಿ ಆರುವಂತೆ ಹಿಂದಿನ ಸಂಜೆಯೇ ಗೊತ್ತುಮಾಡಿಡಬಹುದು.

ಮುಖ್ಯ ಕೆಲಸಗಳು

ಲಾಗ್ ವಿಲೇವಾರಿ: ಸರ್ವರ್ ತಾನು ಮಾಡಿದ್ದನ್ನೆಲ್ಲ ಲಾಗ್ ಕಡತಗಳಲ್ಲಿ ಬರೆಯುತ್ತ ಹೋಗುತ್ತದೆ. ಹಳೆಯದನ್ನು ಕುಗ್ಗಿಸಿ, ತೀರ ಹಳೆಯದನ್ನು ಅಳಿಸುವ ಕೆಲಸ ಲಿನಕ್ಸ್‌ನಲ್ಲಿ ಲಾಗ್‌ರೊಟೇಟ್‌ನದು, ಬಿಎಸ್‌ಡಿಗಳಲ್ಲಿ ನ್ಯೂಸಿಸ್‌ಲಾಗ್‌ನದು. ಇದು ನಿಂತರೆ ಡಿಸ್ಕ್ ತುಂಬಿ, ಬರೆಯಲು ಜಾಗವಿಲ್ಲದೆ ದತ್ತಸಂಚಯವೇ ಸ್ತಬ್ಧವಾಗುತ್ತದೆ.

ಬ್ಯಾಕಪ್: ಪ್ರತಿಯನ್ನು ಅದೇ ಯಂತ್ರದಲ್ಲಿಟ್ಟರೆ ಅದು ಬ್ಯಾಕಪ್ ಅಲ್ಲ. ಬದಲಾದ ಭಾಗವನ್ನಷ್ಟೇ ಕಳಿಸುವ ಆರ್‌ಸಿಂಕ್‌ನಂಥ ಸಾಧನದಿಂದ ತುಂಗೆಯ ದಂಡೆಯ ಶಿವಮೊಗ್ಗದ ದತ್ತಾಂಶವನ್ನು ಭದ್ರೆಯ ದಂಡೆಯ ಭದ್ರಾವತಿಯಲ್ಲಿ ಪ್ರತಿ ರಾತ್ರಿ ಕಾಪಿಡುವುದು ಸುಲಭ. ಆದರೆ ಎರಡೂ ನದಿಗಳು ಪಶ್ಚಿಮಘಟ್ಟದ ಒಂದೇ ಮಳೆಗೆ ತುಂಬುತ್ತವೆ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನುಗ್ಗಿತ್ತು. ಹಾಗಾಗಿ ಮೂರನೆಯ ಪ್ರತಿಯೊಂದು ಈ ಸೀಮೆಯ ಹೊರಗೆ ಇರುವುದು ಕ್ಷೇಮ.

ಪರಿಷ್ಕರಣೆ: ಭದ್ರತಾ ಪರಿಷ್ಕರಣೆಗಳು ಬ್ಯಾಕಪ್ ಮುಗಿದ ಮೇಲೆ ನಡೆಯಬೇಕು. ಗಡಿಯಾರ ನೋಡಿ ಎರಡಕ್ಕೂ ಅಂತರ ಬಿಡುವುದಕ್ಕಿಂತ, ಮೊದಲನೆಯದು ಯಶಸ್ವಿಯಾದರೆ ಮಾತ್ರ ಎರಡನೆಯದು ಎಂದು ಒಂದೇ ಸ್ಕ್ರಿಪ್ಟ್‌ನಲ್ಲಿ ಕಟ್ಟಿಹಾಕುವುದು ಭದ್ರ.

ಪರಿಶೀಲನೆ

ನಿಗದಿತ ಕೆಲಸದ ದೊಡ್ಡ ಅಪಾಯ ಸದ್ದಿಲ್ಲದೆ ನಿಲ್ಲುವುದು. ಕ್ರಾನ್ ತನ್ನ ಕೆಲಸಗಳ ಉತ್ತರವನ್ನು ಮೇಲ್‌ನಲ್ಲಿ ಕಳಿಸುತ್ತದೆ. ಆದರೆ ವಿಳಾಸ ಕೊಡದಿದ್ದರೆ ಆ ಮೇಲ್ ಅದೇ ಯಂತ್ರದ ಮೂಲೆಯೊಂದರಲ್ಲಿ ಬಿದ್ದಿರುತ್ತದೆ. ದೋಷದ ಸುದ್ದಿಗಾಗಿ ಕಾಯುವುದಕ್ಕಿಂತ ಯಶಸ್ಸಿನ ಗುರುತನ್ನು ಕೇಳುವುದು ಮೇಲು. ಬ್ಯಾಕಪ್ ಮುಗಿದಾಗಲೆಲ್ಲ ಒಂದು ಪುಟ್ಟ ಕಡತದಲ್ಲಿ ಸಮಯ ಬರೆಯಿಸಿ, ಆ ಸಮಯ 26 ಗಂಟೆಗಿಂತ ಹಳೆಯದಾದರೆ ಇನ್ನೊಂದು ಯಂತ್ರ ಎಚ್ಚರಿಸುವಂತೆ ಮಾಡಿದರೆ, ಕ್ರಾನ್ ನಿಂತರೂ ಸರ್ವರ್ ಆರಿದರೂ ಮರುದಿನವೇ ತಿಳಿಯುತ್ತದೆ. ತಿಂಗಳಿಗೊಮ್ಮೆಯಾದರೂ ಬ್ಯಾಕಪ್‌ನಿಂದ ದತ್ತಾಂಶವನ್ನು ಬೇರೆ ಯಂತ್ರಕ್ಕೆ ಇಳಿಸಿ, ತೆರೆದು ನೋಡಬೇಕು. ಈ ಒಂದು ಕೆಲಸಕ್ಕೆ ಮನುಷ್ಯರ ಕಣ್ಣೇ ಬೇಕು.

ಕ್ರಾನ್‌ಟ್ಯಾಬ್‌ನಲ್ಲಿ # ಚಿಹ್ನೆಯಿಂದ ತೊಡಗುವ ಸಾಲನ್ನು ಕ್ರಾನ್ ಓದದೆ ಬಿಡುತ್ತದೆ. ಅದು ಓದುವವರಿಗಾಗಿ ಇರುವ ಜಾಗ. ಪ್ರತಿ ಕೆಲಸದ ಮೇಲಿನ ಸಾಲಿನಲ್ಲಿ ಅದು ಏಕೆ, ಯಾವ ಸಮಯ ವಲಯದಲ್ಲಿ, ಯಾರ ಹೊಣೆಯಲ್ಲಿ ಎಂಬುದನ್ನು ಕನ್ನಡದಲ್ಲೇ ಬರೆದಿಡಬಹುದು. ಬರೆದವರು ಊರು ಬಿಟ್ಟ ಮೇಲೂ ಆ ಸಾಲು ನಡೆಯುತ್ತಲೇ ಇರುತ್ತದೆ. ಮುಂದೆ ಅದನ್ನು ತೆರೆಯುವವರು ತಿದ್ದಬೇಕೋ ಅಳಿಸಬೇಕೋ ಎಂದು ತೀರ್ಮಾನಿಸುವುದು ಆ ಟಿಪ್ಪಣಿಯ ಆಧಾರದ ಮೇಲೆಯೇ.