ನೀರೊಳಗಿನ ಬೆವರು

ಅನಗವಾಡಿ, ಬೀಳಗಿ ಕಡೆ ಕೆಲಸ ಕೆಡಿಸಿ ಬಂದ ಹುಡುಗನಿಗೆ ಹಿರಿಯರು ‘ಭಾಳ ಶಾಣ್ಯಾ ಅದಿ ಬಿಡಪಾ’ ಅಂದರೆ ಅದು ಹೊಗಳಿಕೆಯಲ್ಲ ಎಂದು ಹುಡುಗನಿಗೂ ಗೊತ್ತು. ಶಬ್ದ ಜಾಣ ಎನ್ನುತ್ತದೆ, ದನಿ ದಡ್ಡ ಎನ್ನುತ್ತದೆ. ಇದು ವ್ಯಂಗ್ಯ. ಯಾರೂ ಏನೂ ಆಡದೆ, ನಡೆದ ಸಂಗತಿಯೇ ತಿರುಗಿ ಬಿದ್ದರೆ ಅದು ವಿಪರ್ಯಾಸ. ಇಂಗ್ಲಿಷಿನವರು ಎರಡಕ್ಕೂ ‘ಐರನಿ’ ಎಂದೇ ಅನ್ನುತ್ತಾರೆ. ಅದರ ಬೇರು ಗ್ರೀಕ್ ಹಾಸ್ಯನಾಟಕದ ‘ಐರೋನ್’: ಗೊತ್ತಿದ್ದೂ ಗೊತ್ತಿಲ್ಲದಂತೆ ನಟಿಸಿ, ಬಡಾಯಿಕೋರನನ್ನು ಅವನ ಮಾತಿನಲ್ಲೇ ಸಿಕ್ಕಿಸುವವನು. ಸಾಕ್ರಟೀಸನ ಮೇಲೆ ಎದುರಾಳಿಗಳು ಹೊರಿಸಿದ್ದೂ ಈ ನಟನೆಯ ಆರೋಪವನ್ನೇ.

ವ್ಯಂಗ್ಯ ಎಂಬ ಮಾತು ಮೊದಲು ಇಷ್ಟು ಸಣ್ಣದಾಗಿರಲಿಲ್ಲ. ಬೆಳಗಿ ತೋರಿಸುವುದು ಅದರ ಧಾತುವಿನ ಅರ್ಥ. ಅಡುಗೆಯ ವ್ಯಂಜನವೂ ಅಕ್ಷರಮಾಲೆಯ ವ್ಯಂಜನವೂ ಅದರ ಒಡಹುಟ್ಟುಗಳು. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನಿಗೆ, ಆಡಿದ ಮಾತನ್ನು ಮೀರಿ ಹೊಳೆಯುವ ಅರ್ಥವೆಲ್ಲ ವ್ಯಂಗ್ಯ. ಒಲವು, ಅಳಲು ಎಲ್ಲವೂ ಕಾವ್ಯದಲ್ಲಿ ಆ ದಾರಿಯಿಂದಲೇ ಬರಬೇಕು. ನಮ್ಮ ಬಾಯಲ್ಲಿ ಈಗ ಉಳಿದಿರುವುದು ಚುಚ್ಚುಮಾತು ಮಾತ್ರ. ನನಗೆ ಇದು ದೊಡ್ಡ ನಷ್ಟವೆನಿಸುತ್ತದೆ.

ವಿಪರ್ಯಾಸ ಸವೆದದ್ದು ಬೇರೆ ರೀತಿ. ಅದರ ಮೂಲದಲ್ಲಿರುವುದು ಎಸೆಯುವ ಕ್ರಿಯೆ: ಬುಡಮೇಲಾಗಿ ಬಿದ್ದದ್ದು ವಿಪರ್ಯಾಸ. ಈಗ ಪತ್ರಿಕೆಗಳಲ್ಲಿ ಬೇಸರದ ಸುದ್ದಿಗೆಲ್ಲ ‘ವಿಪರ್ಯಾಸವೆಂದರೆ’ ಎಂಬ ಪೀಠಿಕೆ. ಊರಿಗೆ ರಸ್ತೆ ಇಲ್ಲ, ವಿಪರ್ಯಾಸ. ಶಾಲೆಗೆ ಮೇಷ್ಟ್ರಿಲ್ಲ, ವಿಪರ್ಯಾಸ. ಅಲ್ಲಿ ತಿರುಗಿಬಿದ್ದದ್ದಾದರೂ ಏನು?

ನಿಜವಾದ ವಿಪರ್ಯಾಸ ನೋಡಬೇಕೆಂದರೆ ಅನಗವಾಡಿ ಸೇತುವೆಯ ಕೆಳಗೆ ಹರಿಯುವ ಘಟಪ್ರಭೆಯ ಗುಂಟ ಮೇಲಕ್ಕೆ, ಮುಧೋಳಕ್ಕೆ ಹೋಗಬೇಕು. ಬಳೆಗಾರರ ಮನೆಯ ರನ್ನ ಹುಟ್ಟಿದ ಊರದು. ತನ್ನ ದೊರೆ, ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಂದಿಗೆ ಸಮೀಕರಿಸಿ ಆತ ‘ಗದಾಯುದ್ಧ’ ಬರೆದ. ‘ಸಾಹಸಭೀಮ ವಿಜಯ’ ಎಂಬುದು ಆ ಕಾವ್ಯದ ಇನ್ನೊಂದು ಹೆಸರು. ಆದರೆ ಸಾವಿರ ವರ್ಷದ ನಂತರ ಓದುಗರ ಮನಸ್ಸು ನಿಂತಿರುವುದು ದುರ್ಯೋಧನನ ಹತ್ತಿರ. ಬಿ.ಎಂ.ಶ್ರೀ. ಅದನ್ನು ನಾಟಕಕ್ಕೆ ತಂದಾಗಲೂ ದುರಂತ ನಾಯಕ ಅವನೇ. ಜೀವ ಉಳಿಸಿಕೊಳ್ಳಲು ವೈಶಂಪಾಯನ ಸರೋವರದಲ್ಲಿ ಮುಳುಗಿದ ಅವನು, ದಂಡೆಯ ಮೇಲಿಂದ ಭೀಮ ಮೂದಲಿಸಿದಾಗ ಆ ತಣ್ಣೀರಿನಲ್ಲೇ ಸಿಟ್ಟಿನಿಂದ ಬೆವರುತ್ತಾನೆ, ಅಡಗಿಸಿಟ್ಟ ನೀರನ್ನು ಬಿಟ್ಟು ಎದ್ದುಬರುತ್ತಾನೆ. ವ್ಯಂಗ್ಯ ಕರೆಯುತ್ತದೆ, ವಿಪರ್ಯಾಸ ಓಗೊಡುತ್ತದೆ. ಎರಡೂ ಹೀಗೆ ಒಂದೇ ಕಡೆ ಕೂಡಿದ್ದನ್ನು ಬೇರೆಲ್ಲೂ ನಾನು ಕಂಡಿಲ್ಲ.

ಅದೇ ಹೊಳೆ ಕೆಳಗಡೆ ಕೃಷ್ಣೆಯನ್ನು ಸೇರುತ್ತದೆ. ಅಲ್ಲಿಂದಾಚೆ ಆಲಮಟ್ಟಿ ಅಣೆಕಟ್ಟು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲಿಟ್ಟದ್ದು ಒಣಭೂಮಿಗೆ ನೀರುಣಿಸಲು. ಮಳೆಗಾಗಿ ಮುಗಿಲು ನೋಡುತ್ತಿದ್ದ ಬೀಳಗಿ, ಬಾಗಲಕೋಟೆಯ ರೈತರ ದಂಡೆಯ ಎರೆಹೊಲಗಳು ಅದೇ ನೀರಿನಡಿ ಹೋದವು. ಇದು ವಿಪರ್ಯಾಸ, ಮಾತಿನ ಪೂರಾ ಅರ್ಥದಲ್ಲಿ. ಅಣೆಕಟ್ಟಿನ ಸದ್ಯದ ಗರಿಷ್ಠ ನೀರಿನ ಮಟ್ಟ 519.60 ಮೀಟರ್, ಅದನ್ನು 524.256ಕ್ಕೆ ಏರಿಸಲು ಕೃಷ್ಣೆಯ ನೀರು ಹಂಚುವ ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ಏರಿದರೆ ಇನ್ನಷ್ಟು ಹೊಲ ಮುಳುಗಡೆ. ಆದರೆ ಮುಳುಗಡೆಯವರು ಪರಿಹಾರಕ್ಕಾಗಿ ವರ್ಷಗಟ್ಟಲೆ ಕಚೇರಿಗೆ ಅಲೆಯುವುದನ್ನೂ ವಿಪರ್ಯಾಸ ಎಂದು ಬರೆಯುವವರಿದ್ದಾರೆ. ಅದನ್ನು ನಾನು ಒಪ್ಪಲಾರೆ. ಅಲ್ಲಿ ಕಡತ ಇದೆ, ಮೇಜು ಇದೆ, ಸಹಿ ಹಾಕಬೇಕಾದ ಕೈ ಇದೆ. ಅದಕ್ಕೆ ಅನ್ಯಾಯ ಎಂಬ ಹೆಸರು ಮೊದಲಿನಿಂದಲೂ ಇದೆ.